ಸ್ಟೀಮ್ ದೋಣಿಯ ಬಾಯ್ಲರ್: ಹಳೆಯದಕ್ಕೇ ಟ್ಯೂಬ್ ಸೇರಿಸುವುದಾ, ಹೊಸದು ಕಟ್ಟಿಸುವುದಾ?

ಕೂಳೂರಿನಿಂದ ಪ್ರಶ್ನೆ: ನನ್ನದು 18 ಅಡಿಯ ಮರದ ದೋಣಿ, ಗುರುಪುರ ಹೊಳೆಯಲ್ಲಿ ಓಡಿಸುವುದು. ಒಂದೇ ಸಿಲಿಂಡರಿನ ಸ್ಟೀಮ್ ಇಂಜಿನ್, ನಿಲುವು ಬಾಯ್ಲರ್. ಪ್ರೆಶರ್ ಚದರ ಸೆಂಟಿಮೀಟರಿಗೆ 5 ಕೆ.ಜಿ.ಗೆ ಏರುತ್ತದೆ, ಹತ್ತು ನಿಮಿಷ ಓಡಿಸಿದರೆ 3ಕ್ಕೆ ಇಳಿಯುತ್ತದೆ. ಟ್ಯೂಬ್ ಸೇರಿಸಬಹುದಾ, ಅಲ್ಲ ಹೊಸ ವಾಟರ್ ಟ್ಯೂಬ್ ಬಾಯ್ಲರ್ (ಟ್ಯೂಬಿನ ಒಳಗೆ ನೀರು, ಹೊರಗೆ ಬೆಂಕಿ) ಕಟ್ಟಿಸಲಾ? ಮಾಡಿಸಿದವರು ಅನುಭವ ಹೇಳಿ.

ಕಲ್ಯಾಣಪುರ: ನಾನು ಹೊಸದೇ ಕಟ್ಟಿಸಿದೆ, ಮೂರು ಡ್ರಮ್ಮಿನ ವಾಟರ್ ಟ್ಯೂಬ್. ಖರ್ಚು ಕೇಳಿ. ಬಾಯ್ಲರ್ ಪ್ಲೇಟು, ಸೀಮ್‌ಲೆಸ್ ಟ್ಯೂಬಿಗೆ 46,000. ಬಗ್ಗಿಸುವ ಕೂಲಿ 9,000. ಬಗ್ಗಿಸುವಾಗ ಏಳು ಟ್ಯೂಬ್ ಚಪ್ಪಟೆಯಾಗಿ ಗುಜರಿಗೆ ಹೋದವು, ಆ 3,800 ನನ್ನ ತಲೆಗೇ. ವೆಲ್ಡಿಂಗ್ ಮಾಡಿದವನು ಗೇಟು, ಗ್ರಿಲ್ಲು ಮಾಡುವವನು. ಮೊದಲ ಹೈಡ್ರೋ ಟೆಸ್ಟಿನಲ್ಲೇ (ನೀರು ತುಂಬಿಸಿ ಒತ್ತಿ ನೋಡುವುದು) 11 ಕಡೆ ನೀರು ಜಿನುಗಿತು. ಎಲ್ಲ ಉಜ್ಜಿ ತೆಗೆದು, ಸರ್ಟಿಫಿಕೇಟ್ ಇರುವ ವೆಲ್ಡರನ್ನು ಹುಡುಕಿ ಪುನಃ ಮಾಡಿಸುವಾಗ ಇನ್ನೂ 14,000. ಆದರೆ ಈಗ ಒಲೆ ಹಚ್ಚಿದ 20 ನಿಮಿಷಕ್ಕೆ 7 ಕೆ.ಜಿ. ಸ್ಟೀಮ್. ಸ್ವರ್ಣಾ ಹೊಳೆಯಲ್ಲಿ ಇಳಿತಕ್ಕೆ ಎದುರು ಹೋದರೂ ಸೂಜಿ ಅಲ್ಲಾಡುವುದಿಲ್ಲ. ನಿಲುವು ಬಾಯ್ಲರಿನ ಕಾಲ ಮುಗಿಯಿತು.

ಉಳ್ಳಾಲ: ಮುಗಿದಿಲ್ಲ ಮಾರಾಯ್ರೇ. ನನ್ನದು ನಿಲುವು ಫೈರ್ ಟ್ಯೂಬ್ (ಟ್ಯೂಬಿನ ಒಳಗೆ ಬೆಂಕಿಯ ಬಿಸಿ, ಹೊರಗೆ ನೀರು), ಆರು ವರ್ಷ ಆಯಿತು. ನಿಮ್ಮದರಲ್ಲಿ ನೀರು ಇರುವುದೇ ಸ್ವಲ್ಪ. ಪಂಪ್ ಕೈಕೊಟ್ಟರೆ ನೋಡುತ್ತಾ ಇರುವಾಗಲೇ ನೀರಿನ ಮಟ್ಟ ತೋರಿಸುವ ಗ್ಲಾಸು ಖಾಲಿ. ಒಬ್ಬನೇ ಚುಕ್ಕಾಣಿ ಹಿಡಿದು ಒಲೆಯನ್ನೂ ನೋಡುವವನಿಗೆ ಅದು ಆಗುವ ಕೆಲಸವಾ?

ನನಗೆ ಪೆಟ್ಟು ಬಿದ್ದದ್ದು ನೀರಿನಲ್ಲಿ. ಮಾರ್ಚಿನಲ್ಲಿ ನೇತ್ರಾವತಿಯ ನೀರನ್ನೇ ತುಂಬಿಸಿದೆ, ಭರತಕ್ಕೆ ಉಪ್ಪು ನೀರು ಮೇಲೆ ಬರುತ್ತದೆ ಅಂತ ಗೊತ್ತಿದ್ದೂ. ನೊರೆ ಎದ್ದು ಸ್ಟೀಮಿನ ಜೊತೆ ನೀರೂ ಸಿಲಿಂಡರಿಗೆ ನುಗ್ಗಿತು, ಕವರ್ ಬಿರುಕು ಬಿಟ್ಟಿತು. ಹೊಸದು ಎರಕ ಹೊಯ್ಯಿಸಲಿಕ್ಕೆ 8,500. ಟ್ಯೂಬ್ ಒಂದನ್ನು ತೆಗೆದು ನೋಡಿದರೆ ಹೊರಮೈಗೆ ಮರುವಾಯಿ ಚಿಪ್ಪಿನಷ್ಟು ದಪ್ಪ ಬಿಳಿ ಪದರ. ಉಗುರಿಗೆ ಜಗ್ಗಲಿಲ್ಲ, ಉಳಿ ಹಿಡಿದು ಕೆತ್ತಬೇಕಾಯಿತು. ಈಗ ದೋಣಿಯ ತಳದಲ್ಲಿ ತಾಮ್ರದ ಪೈಪಿನ ಕಂಡೆನ್ಸರ್ (ಬಳಸಿದ ಸ್ಟೀಮನ್ನು ತಣಿಸಿ ಪುನಃ ನೀರು ಮಾಡುವುದು), ಬಾಯ್ಲರಿನ ಒಳಗೆ ಬಾವಿ ನೀರು ಮಾತ್ರ. ವಾಪಸು ಬರುವ ನೀರಿನಲ್ಲಿ ಸಿಲಿಂಡರ್ ಎಣ್ಣೆ ಇರುತ್ತದೆ, ಅದನ್ನು ಟರ್ಕಿ ಟವೆಲಿನಲ್ಲಿ ಸೋಸುತ್ತೇನೆ. ಎಣ್ಣೆ ಹೋಗಿ ಪ್ಲೇಟಿಗೆ ಅಂಟಿದರೆ ಆ ಜಾಗ ವಿಪರೀತ ಕಾದು ಉಬ್ಬುತ್ತದೆ.

ಕೋಡಿಬೆಂಗ್ರೆ: ಇಬ್ಬರೂ ಸೌದೆಯ ಸುದ್ದಿಯೇ ಎತ್ತಲಿಲ್ಲ. ನಾನು ಬಾಯ್ಲರ್ ಬದಲಿಸಲೇ ಇಲ್ಲ. ಗಾಳಿಮರದ ಸೌದೆ ಬಿಟ್ಟು ಗೇರುಬೀಜದ ಸಿಪ್ಪೆ ಹಾಕಿದೆ, ಅದರಲ್ಲಿ ಎಣ್ಣೆ ಇರುವ ಕಾರಣ ಉರಿ ಜಾಸ್ತಿ. ಇನ್ನು ಟೆಸ್ಟಿಗೆ ಯಾಕೆ ಅಷ್ಟು ಖರ್ಚು? ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ತುಂಬಿಸಿ, ಸಾಬೂನು ನೀರು ಹಚ್ಚಿ ನೋಡಿದೆ. 100 ರೂಪಾಯಿಯಲ್ಲಿ ಮುಗಿಯಿತು.

ಮಲ್ಪೆ: ಇದನ್ನು ಓದಿ ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕುಚ್ಚಲಕ್ಕಿ ಮಿಲ್ಲಿನಲ್ಲಿ 22 ವರ್ಷ ಬಾಯ್ಲರ್ ನೋಡಿಕೊಂಡವನು ನಾನು. ಒಳಗಿನ ಗಾಳಿ ಪೂರ್ತಿ ಬಿಟ್ಟು ನೀರು ತುಂಬಿಸಬೇಕು, ಕೈಪಂಪಿನಲ್ಲಿ ಒಂದೂವರೆ ಪಟ್ಟು ಒತ್ತಬೇಕು. 7 ಕೆ.ಜಿ.ಗೆ ಓಡಿಸುವುದಾದರೆ ಹತ್ತೂವರೆ. ನೀರು ಒತ್ತಿದರೆ ಕುಗ್ಗುವುದಿಲ್ಲ, ಹಾಗಾಗಿ ವೆಲ್ಡಿಂಗ್ ಬಿಟ್ಟರೆ ಒಂದಿಷ್ಟು ಚಿಮ್ಮಿ ಪ್ರೆಶರ್ ಸೊನ್ನೆಗೆ ಬರುತ್ತದೆ. ಗಾಳಿ ಹಾಗಲ್ಲ, ತಗಡು ಹರಿದು ಹಾರುತ್ತದೆ. ನಿಮ್ಮ ಉಳಿತಾಯಕ್ಕೆ ಪಂಕ್ಚರ್ ಹುಡುಗನ ಜೀವ ಹೋಗುತ್ತಿತ್ತು.

ಕೋಡಿಬೆಂಗ್ರೆ: ತುಂಬಿಸಿದ್ದು ಎರಡೇ ಕೆ.ಜಿ. ಹುಡುಗನನ್ನು ದೂರ ನಿಲ್ಲಿಸಿದ್ದೆ. ಸುಮ್ನೆ ಕೊಲೆಗಾರನ ಹಾಗೆ ಮಾತಾಡಬೇಡಿ.

ಮಲ್ಪೆ: ಹೆದರಿಕೆ ಇತ್ತು ಅಂತ ತಾನೆ ದೂರ ನಿಲ್ಲಿಸಿದ್ದು? ಎರಡು ಕೆ.ಜಿ. ನೋಡಿ ಐದು ಕೆ.ಜಿ.ಗೆ ಓಡಿಸುವುದು ಯಾವ ಟೆಸ್ಟು?

ಕಲ್ಯಾಣಪುರ: ಸಿಪ್ಪೆ ನಾನೂ ಹಾಕಿದ್ದೆ. ಮೂರು ತಿಂಗಳಲ್ಲಿ ಟ್ಯೂಬುಗಳ ಸಂದಿನಲ್ಲಿ ಡಾಮರಿನ ಹಾಗೆ ಮಸಿ ಕಟ್ಟಿತು. ಬ್ರಶ್ಶು ಒಳಗೇ ಸಿಕ್ಕಿಬಿತ್ತು, ಎಳೆದರೆ ಹಿಡಿ ಮಾತ್ರ ಕೈಗೆ ಬಂತು.

ಕೋಡಿಬೆಂಗ್ರೆ: ನೀವು ಹಸಿ ಸಿಪ್ಪೆ ತಂದಿರಬೇಕು. ಎಣ್ಣೆ ತೆಗೆದ ಸಿಪ್ಪೆ ಬೇರೆ ಸಿಗುತ್ತದೆ.

ಕಲ್ಯಾಣಪುರ: ಎಣ್ಣೆ ಇರುವ ಕಾರಣ ಉರಿ ಜಾಸ್ತಿ ಅಂತ ಈಗಷ್ಟೇ ನೀವೇ ಹೇಳಿದ್ದಲ್ವಾ?

ಕೂಳೂರು: ನಾನು ಹಾಕುವುದೂ ಗೇರು ಸಿಪ್ಪೆಯೇ, ಒಂದು ವರ್ಷದಿಂದ ಚಿಮಣಿ ಬಿಚ್ಚಿ ನೋಡಿಲ್ಲ. ನಾಳೆ ಬಿಚ್ಚುತ್ತೇನೆ. ಉಳ್ಳಾಲದ ಅಣ್ಣ, ಟವೆಲ್ ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ?