ಬ್ಯಾಶ್, ಜೆಡ್‌ಶೆಲ್, ಫಿಶ್: ಯಾವುದನ್ನು ಹಿಡಿಯಲಿ? ಬಳಸಿದವರು ಹೇಳಿ

ಹೊಸ_ಮ್ಯಾಕ್:
ಇಷ್ಟು ದಿನ ಬ್ಯಾಶ್ ಶೆಲ್‌ನಲ್ಲೇ (ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) ಕೈ ಪಳಗಿದೆ. ಈಗ ಕೆಲಸಕ್ಕೆ ಮ್ಯಾಕ್ ಬಂತು, ಟರ್ಮಿನಲ್ ತೆರೆದರೆ ಜೆಡ್‌ಶೆಲ್. ಜೊತೆಯವರು ಫಿಶ್ ಹಾಕಿಕೋ ಅಂತಾರೆ. ಸರ್ವರ್‌ಗಳೆಲ್ಲ ಲಿನಕ್ಸ್. ಫೈಲ್ ಒಳಗಿನ ಪದ ಹುಡುಕುವ ಗ್ರೆಪ್, ಫೈಲನ್ನೇ ಹುಡುಕುವ ಫೈಂಡ್‌ಗೂ ಹೊಸ ಬದಲಿಗಳು ಬಂದಿವೆಯಂತೆ, ಅವೂ ಬೇಕಾ?

ಪೈಪ್_ಪ್ರಿಯ:
ಟೈಪ್ ಮಾಡುವ ಶೆಲ್ ಬೇರೆ, ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಓಡಿಸುವ ಶೆಲ್ ಬೇರೆ. ಎರಡನ್ನೂ ಒಂದೇ ಗಂಟು ಹಾಕಿಕೊಂಡು ಜನ ಜಗಳಾಡುತ್ತಾರೆ. ಟೈಪ್ ಮಾಡಲು ನಿಮಗೆ ಹಿಡಿಸಿದ್ದು ಇಟ್ಟುಕೊಳ್ಳಿ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಶ್ ಅಂತ ಬರೆದು ಫೈಲನ್ನು ನೇರವಾಗಿ ಓಡಿಸಿದರೆ, ಎದುರಿಗೆ ಯಾವ ಶೆಲ್ ಇದ್ದರೂ ಓಡುವುದು ಬ್ಯಾಶೇ.

ಮ್ಯಾಕ್‌ನಲ್ಲಿ ಅಲ್ಲೂ ಒಂದು ಕೊಕ್ಕೆ ಇದೆ. 2009ರಲ್ಲಿ ಬಂದ ಬ್ಯಾಶ್ 4.0 ಜಿಪಿಎಲ್ ಮೂರನೇ ಆವೃತ್ತಿಯ ಲೈಸೆನ್ಸ್‌ಗೆ ಹೋಯಿತು. ಆಪಲ್ ಅದನ್ನು ಸೇರಿಸಲೇ ಇಲ್ಲ, 3.2ಕ್ಕೇ ನಿಂತುಬಿಟ್ಟಿತು. 2019ರ ಮ್ಯಾಕ್ ಆವೃತ್ತಿ ಕ್ಯಾಟಲಿನಾದಿಂದ ಹೊಸ ಖಾತೆಗಳಿಗೆ ಜೆಡ್‌ಶೆಲ್ಲೇ ಡೀಫಾಲ್ಟ್. ಹೀಗಾಗಿ 4.0ಯಲ್ಲಿ ಬಂದ ಅಸೋಸಿಯೇಟಿವ್ ಅರೇ (ಹೆಸರು ಕೊಟ್ಟು ಬೆಲೆ ತೆಗೆಯುವ ಪಟ್ಟಿ) ಬಳಸಿದ ಸ್ಕ್ರಿಪ್ಟ್ ಸರ್ವರ್‌ನಲ್ಲಿ ಸಲೀಸಾಗಿ ಓಡಿ, ನಿಮ್ಮ ಮ್ಯಾಕ್‌ನಲ್ಲಿ ಮುಗ್ಗರಿಸುತ್ತದೆ. ಹೋಮ್‌ಬ್ರೂನಿಂದ (ಮ್ಯಾಕ್‌ಗೆ ಸಾಫ್ಟ್‌ವೇರ್ ಹಾಕಿಕೊಡುವ ಟೂಲ್) ಹೊಸ ಬ್ಯಾಶ್ ಹಾಕಿಕೊಳ್ಳಿ; ಮೊದಲ ಸಾಲಿನಲ್ಲಿ ಪೂರ್ತಿ ದಾರಿ ಬರೆಯದೆ ಎನ್ವ್ ಮೂಲಕ ಕರೆಯಿರಿ, ಅದು ಹೊಸ ಬ್ಯಾಶನ್ನು ಹುಡುಕಿಕೊಳ್ಳುತ್ತದೆ.

ಜೆಡ್‌ಶೆಲ್‌ನಲ್ಲಿ ಎಡವುವ ಜಾಗ: ಕೋಟ್ಸ್ ಹಾಕದ ವೇರಿಯಬಲ್‌ನಲ್ಲಿ ಮೂರು ಫೈಲ್ ಹೆಸರಿದ್ದರೆ ಬ್ಯಾಶ್ ಮೂರಾಗಿ ಒಡೆಯುತ್ತದೆ, ಜೆಡ್‌ಶೆಲ್ ಒಂದೇ ಉದ್ದ ಹೆಸರು ಅಂದುಕೊಳ್ಳುತ್ತದೆ. ಅರೇ ಎಣಿಕೆ ಬ್ಯಾಶ್‌ನಲ್ಲಿ 0ಯಿಂದ, ಜೆಡ್‌ಶೆಲ್‌ನಲ್ಲಿ 1ರಿಂದ. ನನ್ನನ್ನು ಕೇಳಿದರೆ ಒಡೆಯದಿರುವುದೇ ಸರಿ. ಬೆರಳು ಒಪ್ಪಬೇಕಲ್ಲ!

ಮೀನುಗಾರ:
ಫಿಶ್ ಹಾಕಿ ಗುರು. ಹಿಂದೆ ಹೊಡೆದ ಕಮಾಂಡ್ ಬೂದು ಬಣ್ಣದಲ್ಲಿ ತಾನೇ ಮುಂದೆ ಬರುತ್ತದೆ, ಬಲ ಬಾಣ ಒತ್ತಿದರೆ ಮುಗಿಯಿತು. ಯಾವ ಪ್ಲಗಿನ್ನೂ ಬೇಡ. ಫಾರ್ ಲೂಪ್ ಬರೆಯುವ ಬಗೆ ಬೇರೆ, ಹಲವು ಸಾಲು ಪಠ್ಯವನ್ನು ಸ್ಕ್ರಿಪ್ಟಿನಲ್ಲೇ ಕೊಡುವ ಹಿಯರ್‌ಡಾಕ್ ಇಲ್ಲ, ಆದ್ದರಿಂದ ಎಲ್ಲಿಂದಲೋ ಕಾಪಿ ಮಾಡಿದ್ದೆಲ್ಲ ಓಡುವುದಿಲ್ಲ. && ಹಾಕಿ ಜೋಡಿಸಿದ ಸಾಲುಗಳು ಮಾತ್ರ ಫಿಶ್ 3.0ಯಿಂದ ಓಡುತ್ತವೆ.

ಹಳೇ_ಅಡ್ಮಿನ್:
ಬಣ್ಣ ಬಣ್ಣದ ಪ್ರಾಂಪ್ಟ್ ನಿಮ್ಮ ಲ್ಯಾಪ್‌ಟಾಪಲ್ಲಿ ಇರಲಿ. ಆಲ್ಪೈನ್ (ಪುಟ್ಟ ಲಿನಕ್ಸ್) ಕಂಟೇನರ್ ಒಳಗೆ ಹೋದರೆ ಬ್ಯಾಶೂ ಇರುವುದಿಲ್ಲ, ಬ್ಯುಸಿಬಾಕ್ಸ್‌ನ ಆ್ಯಶ್ ಎಂಬ ಪುಟ್ಟ ಶೆಲ್ ಒಂದೇ. ಉಬುಂಟು 2006ರಲ್ಲೇ, 6.10ರಲ್ಲಿ, ಬೂಟ್ ಬೇಗ ಆಗಲಿ ಅಂತ ಸಿಸ್ಟಂ ಶೆಲ್ಲನ್ನು (ಎಸ್‌ಎಚ್) ಡ್ಯಾಶ್‌ಗೆ ಬದಲಿಸಿತು. ಮೊದಲ ಸಾಲಿನಲ್ಲಿ ಬರೀ ಎಸ್‌ಎಚ್ ಅಂತ ಬರೆದು ಒಳಗೆ ಬ್ಯಾಶ್ ಧಾಟಿಯ [[ ]] ಹಾಕುವವರೆಲ್ಲ ಅಲ್ಲೇ ಬೀಳುವುದು. ಸ್ಕ್ರಿಪ್ಟಿನ ತಪ್ಪು ಹಿಡಿಯುವ ಶೆಲ್‌ಚೆಕ್ ಓಡಿಸಿ, ಅದು ಮೊದಲೇ ಬೈಯುತ್ತದೆ. ಜೆಡ್‌ಶೆಲ್ ಸ್ಕ್ರಿಪ್ಟ್ ಮಾತ್ರ ಅದಕ್ಕೆ ಬರುವುದಿಲ್ಲ. ಸ್ಕ್ರಿಪ್ಟಿಗೆ ಬ್ಯಾಶೇ ಇರಲಿ ಅನ್ನಲು ನನಗೆ ಇದೊಂದೇ ಸಾಕು.

ಹುಡುಕಾಟ:
ಟೂಲ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಗ್ರೆಪ್‌ಗೆ ಬದಲಿ ರಿಪ್‌ಗ್ರೆಪ್ ಖಂಡಿತ ಹಾಕಿ. ಆದರೆ ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಕಡೆಗಣಿಸಬೇಕಾದ ಫೈಲ್‌ಗಳ ಪಟ್ಟಿ) ಇರುವುದನ್ನೂ ಚುಕ್ಕೆಯಿಂದ ಶುರುವಾಗುವ ಫೈಲ್‌ಗಳನ್ನೂ ಅದು ಮುಟ್ಟುವುದಿಲ್ಲ. ಸಿಗಲಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲ. ಫೈಂಡ್‌ಗೆ ಬದಲಿ ಎಫ್‌ಡಿ ಚೆನ್ನಾಗಿದೆ, ಡೆಬಿಯನ್, ಉಬುಂಟುಗಳಲ್ಲಿ ಮಾತ್ರ ಅದನ್ನು ಎಫ್‌ಡಿಫೈಂಡ್ ಅಂತ ಕರೆಯಬೇಕು. ಒಂದನ್ನೇ ಆರಿಸು ಅಂದರೆ ನಾನು ಎಫ್‌ಝಡ್‌ಎಫ್ ಆರಿಸುತ್ತೇನೆ: ಕಂಟ್ರೋಲ್ ಆರ್ ಒತ್ತಿ ಹಳೆಯ ಕಮಾಂಡನ್ನು ಅರೆಬರೆ ನೆನಪಿನಲ್ಲೇ ಹೆಕ್ಕಬಹುದು, ಮೂರೂ ಶೆಲ್‌ಗಳಲ್ಲಿ.

ಇನ್ನೊಂದು ಮಾತು: ಪಠ್ಯ ತಿದ್ದುವ ಸೆಡ್ ಎಂಬ ಟೂಲ್ ಮ್ಯಾಕ್‌ನಲ್ಲಿ ಬಿಎಸ್‌ಡಿ (ಯೂನಿಕ್ಸ್‌ನ ಒಂದು ಕವಲು) ಬಗೆಯದು. ಫೈಲನ್ನು ಅಲ್ಲೇ ತಿದ್ದುವ ಆಯ್ಕೆ ಕೊಟ್ಟರೆ ಬ್ಯಾಕಪ್ ಫೈಲ್ ಹೆಸರಿಗೆ ಅಂಟಿಸುವ ಬಾಲ ಕೇಳುತ್ತದೆ, ಬೇಡವಾದರೆ ಖಾಲಿ ಕೋಟ್ಸ್ ಕೊಡಬೇಕು. ಲಿನಕ್ಸ್‌ನ ಜಿಎನ್‌ಯು ಸೆಡ್ ಕೇಳುವುದಿಲ್ಲ.

ಹೊಸ_ಮ್ಯಾಕ್:
ಎಲ್ಲರಿಗೂ ಥ್ಯಾಂಕ್ಸ್. ಫಿಶ್ ಹಾಕಿ, ಸ್ಕ್ರಿಪ್ಟಿಗೆ ಬ್ಯಾಶ್ ಇಟ್ಟುಕೊಳ್ಳುತ್ತೇನೆ. ಲಾಗಿನ್ ಶೆಲ್ಲನ್ನೇ (ಖಾತೆಗೆ ಒಳಬಂದಾಗ ಓಡುವ ಶೆಲ್) ಫಿಶ್ ಮಾಡಲಾ?

ಪೈಪ್_ಪ್ರಿಯ:
ಬೇಡ. ಎಸ್‌ಎಸ್‌ಎಚ್ ಮೂಲಕ (ದೂರದ ಕಂಪ್ಯೂಟರಿನಿಂದ) ಬರುವ ಕಮಾಂಡ್‌ಗಳನ್ನು ಓಡಿಸುವುದು ಲಾಗಿನ್ ಶೆಲ್ಲೇ, ಬ್ಯಾಶ್ ಧಾಟಿಯಲ್ಲಿ ಬರೆದಿದ್ದು ಫಿಶ್‌ಗೆ ಅರ್ಥವಾಗದೆ ಹೋಗಬಹುದು. ಟರ್ಮಿನಲ್ ಸೆಟ್ಟಿಂಗ್ಸ್‌ನಲ್ಲಿ ತೆರೆದ ಕೂಡಲೇ ಫಿಶ್ ಓಡಿಸು ಅಂತ ಕೊಟ್ಟರೆ ಸಾಕು.