ಹೊಟ್ಟೆಯಡಿ ಸೈಲೆನ್ಸರ್, ಟ್ರೆಲಿಸ್ ಫ್ರೇಮ್: ದೇವಿಮನೆ ಘಟ್ಟಕ್ಕೂ ಉಪ್ಪು ಗಾಳಿಗೂ ಆಗ್ತದಾ?

ಶಿರಸಿ_ಸವಾರ:
2016ರ ಕೆಟಿಎಂ ಡ್ಯೂಕ್ 200 ಬೈಕ್ ಸೆಕೆಂಡ್‌ಹ್ಯಾಂಡ್ ತಗೊಳ್ಳೋ ಯೋಚನೆ ಇದೆ. ಓಡಾಟ ದೇವಿಮನೆ ಘಟ್ಟದ ಮೇಲೆ ಶಿರಸಿ–ಕುಮಟಾ, ಮಳೆಗಾಲದಲ್ಲೂ. ಸೈಲೆನ್ಸರನ್ನು ಎಂಜಿನ್ ಅಡಿಗೆ ಇಟ್ಟದ್ದು ಯಾಕೆ? ನೀರು ಹೊಕ್ಕರೆ? ಪೈಪ್ ಫ್ರೇಮಿಗೆ ತುಕ್ಕು ಹಿಡಿಯಲ್ವಾ?

ಘಟ್ಟದ_ಗೇರ್:
ಭಾರದ ವಸ್ತು ಗುರುತ್ವ ಕೇಂದ್ರದಿಂದ ಎರಡು ಪಟ್ಟು ದೂರವಾದರೆ ಗಾಡಿ ತಿರುಗಿಸುವಾಗ ಅದರ ಜಡತ್ವ ನಾಲ್ಕು ಪಟ್ಟಾಗುತ್ತದೆ. ಸೈಲೆನ್ಸರನ್ನು ಬಾಲದಿಂದ ನಡುವಿಗೆ ತಂದದ್ದು ಅದಕ್ಕೇ. ದೇವಿಮನೆಯಲ್ಲಿ ಎಡಕ್ಕೆ ಬಾಗಿದ ಗಾಡಿಯನ್ನು ತಕ್ಷಣ ಬಲಕ್ಕೆ ಎಳೆಯುವಾಗ ಇದು ಕೈಗೇ ಗೊತ್ತಾಗುತ್ತದೆ.

ಟ್ರೆಲಿಸ್ ಅಂದರೆ ನೀವು ಹೇಳಿದ ಪೈಪ್ ಫ್ರೇಮ್. ಅದರಲ್ಲಿ ಉಕ್ಕಿನ ಕೊಳವೆಗಳನ್ನು ತ್ರಿಕೋನವಾಗಿ ಬೆಸೆದಿರುತ್ತಾರೆ. ಬಲ ಕೊಳವೆಯ ಉದ್ದಕ್ಕೆ ಎಳೆತ ಅಥವಾ ಒತ್ತಡವಾಗಿ ಸಾಗುವುದರಿಂದ ಬಾಗುವ ಭಯ ಕಡಿಮೆ, ಹಾಗಾಗಿ ಸಪೂರ ಕೊಳವೆಯೇ ಸಾಕು. ತೂಕ ಉಳಿಯುವುದು ಅಲ್ಲಿ.

ಎಂಜಿನ್ನಿನ ಸ್ವಭಾವವನ್ನೂ ತಿಳಿದಿರಿ: ಬೋರ್ (ಸಿಲಿಂಡರಿನ ಅಗಲ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಬರೀ 49. ಹೀಗಿರುವ ಎಂಜಿನ್ ಜೋರಾಗಿ ತಿರುಗಿದಾಗಲೇ ಬಲ ಕೊಡುವುದು. ಪೂರ್ತಿ ಶಕ್ತಿ, 25 ಪಿಎಸ್, ಸಿಗುವುದು 10,000 ಆರ್‌ಪಿಎಂನಲ್ಲಿ. ಏರಿನಲ್ಲಿ ದೊಡ್ಡ ಗೇರಿನಲ್ಲೇ ಎಳೆಸಿದರೆ ಎಂಜಿನ್ ಒದ್ದಾಡುತ್ತದೆ, ಒಂದು ಗೇರ್ ಇಳಿಸಿ.

ಕಾರವಾರ_ಕಡಲು:
ನಿಂತ ನೀರಲ್ಲಿ ಎಂಜಿನ್ ಚಾಲೂ ಇದ್ದರೆ ಹೊಗೆಯ ಒತ್ತಡವೇ ನೀರನ್ನು ತಳ್ಳುತ್ತದೆ. ಆಫ್ ಆದರೆ ನುಗ್ಗುತ್ತದೆ. ಹಾಗಾಗಿ ಮೊದಲ ಗೇರ್, ಒಂದೇ ಸಮ ಥ್ರಾಟಲ್. ನೀರಲ್ಲಿ ಬಂದಾದರೆ ಸೆಲ್ಫ್ ಒತ್ತಬೇಡಿ ಮಾರಾಯ್ರೆ, ತಳ್ಳಿ ಹೊರಗೆ ತನ್ನಿ. ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಸಿಲಿಂಡರಿಗೂ ನೀರು ಹೋಗಿರಬಹುದು. ಹಾಗೇ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನಿಗೆ ಜೋಡಿಸಿದ ದಂಡ) ಬಾಗಬಹುದು.

ತುಕ್ಕು ಶುರುವಾಗುವುದು ಬೆಸುಗೆಯ ಸಂದುಗಳಲ್ಲಿ ಮತ್ತು ಕೇಬಲ್ ಉಜ್ಜಿ ಬಣ್ಣ ಹೋದಲ್ಲಿ. ಸಿಹಿನೀರಲ್ಲಿ ತೊಳೆದು ಒಣಗಿಸಿ, 400 ನಂಬರಿನ ಉಪ್ಪುಕಾಗದದಿಂದ ತಿಕ್ಕಿ, ಜಿಂಕ್ ಪ್ರೈಮರ್ ಹಚ್ಚಿ, ಮೇಲೆ ಬಣ್ಣ. ತುಕ್ಕಿನ ಮೇಲೇ ಬಣ್ಣ ಬಳಿದರೆ ಒಳಗೊಳಗೇ ತಿನ್ನುತ್ತದೆ. ರೇಡಿಯೇಟರಿನ ಕೆಸರಿಗೆ ಪ್ರೆಷರ್ ವಾಶ್ ಬೇಡ, ರೆಕ್ಕೆಗಳು ಮಡಚುತ್ತವೆ. ಚೈನಿಗೆ ಪೆಟ್ರೋಲ್ ಹಾಕಬೇಡಿ, ಒಳಗಿನ ರಬ್ಬರ್ ರಿಂಗ್ ಹಾಳು.

ಘಟ್ಟದ_ಗೇರ್:
ಮುಖ್ಯವಾದದ್ದು ಬಿಟ್ಟುಹೋಯ್ತು. 2016ರದ್ದರಲ್ಲಿ ಸೀಟಿನಡಿಯ ಫ್ರೇಮ್ ಮುಖ್ಯ ಫ್ರೇಮಿಗೇ ಬೆಸೆದದ್ದು. ಬೋಲ್ಟ್ ಹಾಕಿದ ಬೇರೆ ಸಬ್‌ಫ್ರೇಮ್ ಬಂದದ್ದು 2020ರ ಬಿಎಸ್ 6 (ಹೊಸ ಹೊಗೆ ನಿಯಮದ) ಮಾಡೆಲಿನಲ್ಲಿ. ಸೈಲೆನ್ಸರ್ ಪಕ್ಕಕ್ಕೆ ಹೋದದ್ದೂ ಆಗಲೇ. ಹಳೆಯದು ಬಿದ್ದು ಹಿಂಭಾಗ ಸೊಟ್ಟಗಾಗಿದ್ದರೆ ಇಡೀ ಫ್ರೇಮೇ ಬದಲಿಸಬೇಕು. ಸೀಟು ತೆಗೆಸಿ, ಎರಡೂ ಬದಿಯ ಕೊಳವೆ ಸಮ ಇದೆಯೋ, ಬೆಸುಗೆ ಹತ್ತಿರ ಹೊಸ ಬಣ್ಣ ಬಳಿದಿದ್ದಾರೋ ನೋಡಿ. ಬಳಿದಿದ್ದರೆ ಆ ಗಾಡಿ ಬಿಟ್ಟುಬಿಡಿ.