ತುಮಕೂರಿನಲ್ಲೇ ಚಿತ್ರಪ್ರದರ್ಶನ ಮಾಡಬೇಕೆಂದಿದ್ದೇನೆ, ಮಾಡಿದವರು ಅನುಭವ ಹೇಳಿ

ಅಮಾನಿಕೆರೆ ದಂಡೆ:
ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವಳು. ಅಕ್ರಿಲಿಕ್ ಕ್ಯಾನ್ವಾಸ್‌ಗಳು ಇಪ್ಪತ್ತರ ಆಸುಪಾಸು ಸಿದ್ಧವಾಗಿವೆ. ಜತೆಗೆ ತಿಪಟೂರು ಕಡೆಯಿಂದ ತಂದ ತೆಂಗಿನ ನಾರಿನಲ್ಲಿ ಹೆಣೆದ ಒಂದು ಇನ್‌ಸ್ಟಲೇಷನ್ ಇದೆ. ಹತ್ತು ಅಡಿ ಉದ್ದ, ಮೇಲಿನಿಂದ ಇಳಿಬಿಡಬೇಕು. ಬೆಂಗಳೂರಿನ ಒಂದು ಖಾಸಗಿ ಗ್ಯಾಲರಿಯವರು ಶೇ 40 ಕಮಿಷನ್ ಕೇಳುತ್ತಿದ್ದಾರೆ. ನಮ್ಮ ಊರಿನವರು ಮೊದಲು ನೋಡಲಿ ಎಂಬುದು ನನ್ನ ಆಸೆ. ಇಲ್ಲಿ ಪ್ರದರ್ಶನ ಮಾಡಿದವರು ಗೋಡೆ, ಬೆಳಕು, ಖರ್ಚು ಇವುಗಳನ್ನು ಹೇಗೆ ನಿಭಾಯಿಸಿದಿರಿ? ನಾರಿನ ಕೃತಿ ತೂಗುಹಾಕಿದವರು ಯಾರಾದರೂ ಇದ್ದೀರಾ?

ಗುಬ್ಬಿ ಗೇಟ್ ಕುಂಚ:
ನಾನು ಮಾಡಿದ್ದೇನೆ, ತಂಗಿ. ಚೀಟಿಗಳನ್ನೆಲ್ಲ ಇಟ್ಟುಕೊಂಡಿದ್ದೇನೆ, ನೋಡಿಕೊಂಡೇ ಬರೆಯುತ್ತಿದ್ದೇನೆ. ಸಭಾಂಗಣಕ್ಕೆ ದಿನಕ್ಕೆ 4,500. ಸ್ವಚ್ಛತೆಗೆ 800. ವಿದ್ಯುತ್ ಮೀಟರ್ ಓದಿ ಬೇರೆ. ಠೇವಣಿ 5,000, ಅದರಲ್ಲಿ ವಾಪಸ್ ಬಂದದ್ದು 3,200. ಗೋಡೆಯಲ್ಲಿ ಟೇಪಿನ ಗುರುತು ಉಳಿದಿದೆ ಎಂದು ಉಳಿದದ್ದನ್ನು ಹಿಡಿದುಕೊಂಡರು. ಮೊಳೆ ಹೊಡೆಯುವಂತಿಲ್ಲ. ಚಿತ್ರ ತೂಗುಹಾಕಲು ಪ್ಯಾನಲ್ ಬೇಕೆಂದು ಶಾಮಿಯಾನದವರ ಹತ್ತಿರ ಹೋದರೆ ಅವರ ಬಳಿ ಇದ್ದದ್ದು ಮದುವೆ ವೇದಿಕೆಯ ಹಿಂದೆ ನಿಲ್ಲಿಸುವ ಚೌಕಟ್ಟುಗಳು. ಕೆಂಪು ಹಳದಿ ಬಟ್ಟೆ ಬಿಚ್ಚಿಸಿ ಬಿಳಿ ಕಾಟನ್ ಹೊದಿಸಲು ಮೀಟರಿಗೆ 85ರಂತೆ 60 ಮೀಟರ್, ಹೊಲಿಗೆ 1,400. ಫ್ಯಾನ್ ಹಾಕಿದರೆ ಬಟ್ಟೆ ಉಬ್ಬುತ್ತಿತ್ತು, ಚಿತ್ರಗಳು ವಾಲುತ್ತಿದ್ದವು. ಫ್ಯಾನ್ ನಿಲ್ಲಿಸಿದರೆ ಏಪ್ರಿಲ್ ಸೆಕೆಯಲ್ಲಿ ಜನ ನಿಲ್ಲುತ್ತಿರಲಿಲ್ಲ.

ಬೆಳಕಿನ ವಿಷಯದಲ್ಲಿ ನನಗೆ ಇನ್ನೂ ಸಂಕಟವಿದೆ. ಸ್ಪಾಟ್ ಲೈಟ್ ಒಂದಕ್ಕೆ 120 ಬಾಡಿಗೆ ಕೊಟ್ಟರೂ ಬಂದದ್ದು ನೀಲಿ ಛಾಯೆಯ ಬಿಳಿ ಬೆಳಕು. ನನ್ನ ಚಿತ್ರಗಳ ಕಾವಿ, ಕೆಮ್ಮಣ್ಣು, ಇಟ್ಟಿಗೆ ಬಣ್ಣಗಳೆಲ್ಲ ಬೂದಿ ಬಳಿದಂತೆ ಕಂಡವು. ದೀಪದ ಪೆಟ್ಟಿಗೆಯ ಮೇಲೆ, ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಳತೆಯಾದ ಸಿಆರ್‌ಐ 90ಕ್ಕಿಂತ ಹೆಚ್ಚು ಎಂದು ಬರೆದಿರಬೇಕು, ಬೆಳಕಿನ ಛಾಯೆ 3000ದಿಂದ 4000 ಕೆಲ್ವಿನ್ ಒಳಗಿರಬೇಕು. ಬಾಡಿಗೆಗೆ ಕೊಡುವವರಿಗೆ ಇದನ್ನು ಬರೆದುಕೊಟ್ಟರೂ ತರಲಿಲ್ಲ.

ಉದ್ಘಾಟನೆಗೆ ಶಾಲು 350ರಂತೆ ಐದು, ಪೇಟ 280ರಂತೆ ಐದು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಸೇರಿ 7,000 ದಾಟಿತು. ಹನ್ನೊಂದಕ್ಕೆ ಬರಬೇಕಾದ ಅತಿಥಿಗಳು ಒಂದೂವರೆಗೆ ಬಂದರು, ಚಿತ್ರಗಳಿಗೆ ಬೆನ್ನು ಹಾಕಿ ಭಾಷಣ ಮಾಡಿದರು, ಫೋಟೋ ತೆಗೆಸಿಕೊಂಡು ಹೊರಟರು. ಪಕ್ಕದ ಸಭಾಂಗಣದಲ್ಲಿ ನಿವೃತ್ತರ ಸನ್ಮಾನ. ಅವರ ಊಟದ ಸಾಲು ನನ್ನ ಪ್ಯಾನಲ್‌ಗಳ ನಡುವೆ ಹಾದುಹೋಯಿತು. ಒಂದು ಜಲವರ್ಣದ ಚೌಕಟ್ಟಿನೊಳಗೆ ಸಾರು ಇಳಿದು ಚಿತ್ರದ ಸುತ್ತಲಿನ ದಪ್ಪ ರಟ್ಟು, ಮೌಂಟ್ ಬೋರ್ಡ್, ಹಾಳಾಯಿತು. ಒಟ್ಟು ಖರ್ಚು 41,600. ಮಾರಾಟವಾದದ್ದು ಒಂದೇ ಒಂದು, 2,500ಕ್ಕೆ, ನಮ್ಮ ಕಚೇರಿಯವರೇ ತೆಗೆದುಕೊಂಡರು. ನಾಟಕಕ್ಕೆ ಗುಬ್ಬಿ ವೀರಣ್ಣನವರ ಹೆಸರಿನ ರಂಗಮಂದಿರ ಕಟ್ಟಿದ ಊರು ಇದು. ಚಿತ್ರಕ್ಕೆ ಹದವಾದ ಬೆಳಕಿರುವ ಒಂದು ಕೋಣೆಯನ್ನು ಹುಡುಕಿ ಹುಡುಕಿ ನಾನು ಸೋತೆ.

ಕೋಲಾರದ ಡ್ರಾಯಿಂಗ್ ಮೇಷ್ಟರು:
ಶಾಲು, ಪೇಟಕ್ಕೆ ಏಳು ಸಾವಿರ ಸುರಿದು ಊರಿಗೆ ಗೋಡೆಯಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಕೋಲಾರದಲ್ಲಿ ನಾವು ಸಭಾಂಗಣದ ಬಾಗಿಲಿಗೇ ಹೋಗಲಿಲ್ಲ. ಬೇಸಿಗೆ ರಜೆಯಲ್ಲಿ ಸರ್ಕಾರಿ ಶಾಲೆಯ ಪಡಸಾಲೆ ಕೇಳಿದೆವು, ಮುಖ್ಯ ಶಿಕ್ಷಕರು ಕೊಟ್ಟರು. ನಮ್ಮ ಮಕ್ಕಳ ಅಪ್ಪಂದಿರಲ್ಲಿ ಅರ್ಧ ಜನ ಎಪಿಎಂಸಿಗೆ ಟೊಮೆಟೊ ಹಾಕುವವರು. ಖಾಲಿ ಕ್ರೇಟ್‌ಗಳನ್ನು ಒಂದರ ಮೇಲೊಂದು ಪೇರಿಸಿ, ತಂತಿಯಿಂದ ಬಿಗಿದು, ಅದಕ್ಕೇ ಚಿತ್ರಗಳನ್ನು ಒರಗಿಸಿದೆವು. ಖರ್ಚು ಕೇಳಿ: ತಂತಿ 260, ಸುಣ್ಣ 400, ಕರಪತ್ರದ ಜೆರಾಕ್ಸ್ 350, ಟೀ ಬಿಸ್ಕತ್ 1,900, ಕಳೆದುಹೋದ ಕ್ರೇಟ್‌ಗಳಿಗೆ ದಂಡ 900. ಕ್ರೇಟ್ ಕೊಟ್ಟ ರೈತರೇ ಸಂಜೆ ಬಂದು ನಿಂತು ನೋಡಿದರು. ಒಬ್ಬರು ಬೀಳುಬಿಟ್ಟ ಹೊಲದ ಚಿತ್ರದ ಮುಂದೆ ನಿಂತು, ಇದು ಯಾರ ಜಮೀನು ಎಂದು ನನ್ನನ್ನು ಪಟ್ಟು ಹಿಡಿದು ಕೇಳಿದರು. ಅಂಥ ನೋಟಗಾರ ನನಗೆ ಎಲ್ಲಿ ಸಿಗಬೇಕು?

ಅಂತರಗಂಗೆ ಬೆಟ್ಟದ ಮೇಲೆ, ತೇರಹಳ್ಳಿಯ ಬಳಿ ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೆ ಹುಣ್ಣಿಮೆಯ ಹಾಡು ಕೇಳಲು ಜನ ರಾತ್ರಿ ಬೆಟ್ಟ ಹತ್ತಿ ಬರುತ್ತಾರೆ. ತಮ್ಮದು ಎನ್ನಿಸಿದರೆ ಜನ ಬರುತ್ತಾರೆ. ಗ್ಯಾಲರಿಯೇ ಬೇಕು ಎಂದು ಕುಳಿತವರು ಕುಳಿತೇ ಇರುತ್ತಾರೆ.

ನಂದಿ ತಪ್ಪಲು:
ಮೇಷ್ಟ್ರೇ, ಕ್ರೇಟಿಗೆ ಒರಗಿಸಿದ ಚಿತ್ರ ಎಷ್ಟಕ್ಕೆ ಮಾರಿತು ಎಂದು ನೀವು ಬರೆಯಲಿಲ್ಲ. ಪುಕ್ಕಟೆ ತೋರಿಸುವುದು ತಿಂಗಳ ಸಂಬಳ ಬರುವವರಿಗೆ ಸುಲಭ. ನಾನು ಚಿತ್ರ ಮಾರಿಯೇ ಮನೆ ನಡೆಸುವವಳು.

ನಾನು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋದೆ, ಹೋದದ್ದಕ್ಕೆ ನನಗೆ ಹೆಮ್ಮೆಯಿದೆ. ಟೆಂಪೊ 5,500, ಸಾದಹಳ್ಳಿ ಟೋಲ್ ಬೇರೆ. ಚೌಕಟ್ಟು ಅಡಿಗೆ 140. ಎರಡಡಿಗೆ ಮೂರಡಿ ಚಿತ್ರದ ಸುತ್ತಳತೆ ಹತ್ತು ಅಡಿ, ಅಂದರೆ ಒಂದಕ್ಕೆ 1,400. ಹೀಗೆ ಹದಿನೈದು ಚಿತ್ರಕ್ಕೆ 21,000, ಎಲ್ಲವೂ ಮುಂಗಡ. ಬಬಲ್ ಶೀಟಿನ ಉರುಳೆ 900. ಇಷ್ಟು ಸುತ್ತಿದರೂ ಇಳಿಸುವಾಗ ಒಂದರ ಮೂಲೆ ಜಜ್ಜಿತು; ಗ್ಯಾಲರಿಯವರು ಅದನ್ನು ಗೋಡೆಗೆ ಹಾಕಲೇ ಇಲ್ಲ. 30,000ಕ್ಕೆ ಒಂದು ಚಿತ್ರ ಹೋಯಿತು. ಶೇ 40 ಕಳೆದು ನನಗೆ 18,000. ಚೆಕ್ ಬರುವ ಹೊತ್ತಿಗೆ ಮಾವಿನ ಕಾಲ ಹೋಗಿ ದಸರಾ ಬಂದಿತ್ತು. ನಾನು ಪ್ರತಿ ಸೋಮವಾರ ಫೋನ್ ಮಾಡುತ್ತಿದ್ದೆ. ಕೊಂಡವರು ಯಾರು ಎಂದು ಇವತ್ತಿಗೂ ನನಗೆ ಹೇಳಿಲ್ಲ.

ಇಷ್ಟಾದರೂ ನಾನು ಮತ್ತೆ ಅಲ್ಲಿಗೇ ಹೋಗುತ್ತೇನೆ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೂ ಹೋಗಿದ್ದೇನೆ. ಅಲ್ಲಿ ಚೌಕಾಸಿ ಜಾಸ್ತಿ, ಬಿಸಿಲಿಗೆ ನೆರಳಿಲ್ಲ, ಗಾಳಿ ಬಂದರೆ ಈಸೆಲ್ ಸಮೇತ ಹಾರುತ್ತದೆ. ಆದರೆ ಮಧ್ಯಾಹ್ನ ಎರಡು ಗಂಟೆಯೊಳಗೆ ಹಾಕಿದ ಬಂಡವಾಳ ಕೈಗೆ ಬಂದಿತ್ತು. ಕಮಿಷನ್ ಇಲ್ಲ, ಶಾಲು ಇಲ್ಲ, ಭಾಷಣ ಇಲ್ಲ.

ಕೋಲಾರದ ಡ್ರಾಯಿಂಗ್ ಮೇಷ್ಟರು:
ಸಂಬಳದ ಮಾತು ಬೇಡ ಮೇಡಂ. ನಾನು ಅತಿಥಿ ಶಿಕ್ಷಕ. ಗೌರವಧನ ಬರುವ ತಿಂಗಳಿಗಿಂತ ಬಾರದ ತಿಂಗಳೇ ಹೆಚ್ಚು. ಮಾರಿದ್ದು ಎಷ್ಟು ಎಂದು ಕೇಳಿದಿರಿ: ಮೂರು ಚಿತ್ರ, ತಲಾ 1,500. ಒಂದನ್ನು ಮಂಡಿಯ ಹಮಾಲರೊಬ್ಬರು ಎರಡು ಕಂತಿನಲ್ಲಿ ಕೊಂಡರು. ಆ ದುಡ್ಡನ್ನು ನಿಮ್ಮ 18,000ದ ಪಕ್ಕದಲ್ಲಿ ಇಡಲು ನನಗೆ ನಾಚಿಕೆಯಿಲ್ಲ. ಕೊಂಡವರ ಮನೆ ನನಗೆ ಗೊತ್ತು.

ಕಸ್ತೂರ್ಬಾ ರಸ್ತೆಯ ಹಳಬ:
ಇಬ್ಬರೂ ಜಗಳ ಬಿಟ್ಟು ಒಂದು ವಿಷಯ ತಿಳಿದುಕೊಳ್ಳಿ. ಕಮಿಷನ್ ಇಲ್ಲದೆ, ಕಡಿಮೆ ಬಾಡಿಗೆಗೆ ಸಿಗುವ ಸರ್ಕಾರಿ ಗೋಡೆಯನ್ನು ಉಳಿಸಿಕೊಳ್ಳಲು 2016ರಲ್ಲಿ ನಾವು ಬೀದಿಗಿಳಿದಿದ್ದೆವು. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸುವ ಒಪ್ಪಂದವಾದಾಗ ಅದರ ಮುಂದೆಯೇ ಕುಳಿತು ಚಿತ್ರ ಬರೆದೆವು, ಹಾಡಿದೆವು. ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಬಂದ ವೆಂಕಟಪ್ಪನವರ ಹೆಸರಿನ ಕಟ್ಟಡ ಅದು. ಮೊದಲ ಸಲ ತೋರಿಸುವ ಹುಡುಗನಿಗೆ ನಿಲುಕುವಂತಿದ್ದ ಗೋಡೆ. ಜಿಲ್ಲೆಗಳಿಂದ ಬಂದ ಎಷ್ಟು ಜನರ ಮೊದಲ ಪ್ರದರ್ಶನ ಅಲ್ಲಿ ಆಗಿದೆ! ಆಗ ತುಮಕೂರು, ಕೋಲಾರದವರು ಎಲ್ಲಿದ್ದಿರಿ?

ಗುಬ್ಬಿ ಗೇಟ್ ಕುಂಚ:
ಎಲ್ಲಿದ್ದಿರಿ ಎಂದರೆ? ನಾನು ಕೆಲಸಕ್ಕೆ ರಜೆ ಹಾಕಿ, ಬೆಳಗಿನ ರೈಲು ಹತ್ತಿ ಬಂದು ನಿಮ್ಮ ಜತೆಯಲ್ಲೇ ನೆಲದ ಮೇಲೆ ಕುಳಿತಿದ್ದೆ. ಬೆಂಗಳೂರಿನ ಗ್ಯಾಲರಿ ಉಳಿಯಿತು, ಸಂತೋಷ. ಅದೇ ಬಲದಲ್ಲಿ ಜಿಲ್ಲೆಗೊಂದು ಗ್ಯಾಲರಿ ಕೇಳೋಣ ಎಂದು ಅಲ್ಲೇ ಎದ್ದು ನಿಂತು ಹೇಳಿದೆ. ಮೊದಲು ಇದು ಮುಗಿಯಲಿ ಎಂದಿರಿ. ಮುಗಿದ ಮೇಲೆ ನನಗೆ ಯಾರ ಫೋನೂ ಬರಲಿಲ್ಲ.

ಚಾಂಪಿಯನ್ ರೀಫ್:
ಗೋಡೆ ಸಿಕ್ಕರೆ ಸಾಕು ಎಂದುಕೊಂಡಿದ್ದೀರಿ ಎಲ್ಲರೂ. ಸಿಕ್ಕ ಗೋಡೆ ಉಳಿಯಬೇಕಲ್ಲ! ನಮ್ಮ ಕೆಜಿಎಫ್‌ನಲ್ಲಿ 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ನನ್ನ ತಂದೆ ಕಾರ್ಮಿಕರನ್ನು ಗಣಿಯೊಳಗೆ ಇಳಿಸುವ ಕೇಜಿನಲ್ಲಿ ಇಳಿದು ದುಡಿದವರು. ಆ ಕೇಜು, ಶಾಫ್ಟಿನ ಚಕ್ರ, ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ದಿಬ್ಬ ಎಲ್ಲವನ್ನೂ ಒಂದು ಸಂಸ್ಥೆಯ ಕಾಂಪೌಂಡ್ ಗೋಡೆಯ ಮೇಲೆ ನಲವತ್ತು ಅಡಿ ಉದ್ದಕ್ಕೆ ಬರೆದೆ. ಅವರೇ ಕರೆದು ಬರೆಸಿದ್ದು. ಪ್ರೈಮರ್ 20 ಲೀಟರಿನ ಡಬ್ಬ 2,900, ಹೊರಗೋಡೆಯ ಎಮಲ್ಷನ್ 9,800, ಸಾರುವೆಗೆ 3,000. ಅವರು ಕೊಟ್ಟದ್ದು 10,000, ಉಳಿದದ್ದು ನನ್ನ ಕೈಯಿಂದ. ಮುಂದಿನ ವರ್ಷ ಯಾರೋ ಗಣ್ಯರು ಬರುತ್ತಾರೆಂದು ಒಂದೇ ಬೆಳಿಗ್ಗೆ ಸುಣ್ಣ ಬಳಿದರು. ನನಗೆ ತಿಳಿಸಿದ್ದು ಎದುರಿನ ಟೀ ಅಂಗಡಿಯವರು.

ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಅವರಿಗೆ ಮರಳಿಸಿ, 5 ಲಕ್ಷ ಪರಿಹಾರ ಕೊಡಿ ಎಂದಿತು. ಕೃತಿಯನ್ನು ಕೆಡಿಸಿದರೆ ಅದನ್ನು ಮಾಡಿದವರು ಪ್ರಶ್ನಿಸಬಹುದು ಎನ್ನುವ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್. ನಾನು ಅದೇ ತೀರ್ಪಿನ ಪ್ರತಿ ಹಿಡಿದುಕೊಂಡು ಸುಣ್ಣ ಬಳಿಸಿದ ಸಂಸ್ಥೆಗೆ ಹೋದೆ. ಒಂದು ಕುರ್ಚಿ ತೋರಿಸಿ ಕೂರಿಸಿದರು, ಅಷ್ಟೇ.

ಕಸ್ತೂರ್ಬಾ ರಸ್ತೆಯ ಹಳಬ:
ನಿಮ್ಮ ಗೋಡೆಚಿತ್ರವನ್ನು ಆ ಸಂಸ್ಥೆಯವರೇ ಹಣ ಕೊಟ್ಟು ಬರೆಸಿದ್ದರಿಂದ ಕೃತಿಸ್ವಾಮ್ಯ ಅವರದೇ. 17ನೇ ಸೆಕ್ಷನ್ ಓದಿ. ಬೇರೆ ಕರಾರು ಇಲ್ಲದಿದ್ದರೆ ಹಣ ಕೊಟ್ಟು ಬರೆಸಿದವರೇ ಮೊದಲ ಒಡೆಯರು.

ಚಾಂಪಿಯನ್ ರೀಫ್:
ಓದಿದ್ದೇನೆ ಸರ್, ನಿಮಗಿಂತ ಚೆನ್ನಾಗಿಯೇ ಓದಿದ್ದೇನೆ. ಒಡೆತನ ಬೇರೆ, 57ರ ಹಕ್ಕು ಬೇರೆ. ಒಡೆತನ ಕೈಬಿಟ್ಟ ಮೇಲೂ ಆ ಹಕ್ಕು ಬರೆದವನಲ್ಲೇ ಉಳಿಯುತ್ತದೆ ಎಂದು ಆ ಸೆಕ್ಷನ್ ಹೇಳುತ್ತದೆ. ಬೀದಿಯಲ್ಲಿ ಕುಳಿತು ಹೋರಾಡಿದವರು ಸುಣ್ಣ ಬಳಿದವರ ಪರ ವಾದಿಸುವುದನ್ನು ಇವತ್ತು ನೋಡುತ್ತಿದ್ದೇನೆ.

ನಂದಿ ತಪ್ಪಲು:
ಕಾಯ್ದೆಯ ಮಾತು ಬಂತಲ್ಲ, ಸಿದ್ಧ ಚಿತ್ರ ಮಾರಿದರೆ ಕೃತಿಸ್ವಾಮ್ಯ ನಮ್ಮಲ್ಲೇ ಉಳಿಯುತ್ತದೆ. ನನ್ನ ನಂದಿ ಬೆಟ್ಟದ ಚಿತ್ರ ಕೊಂಡ ಒಂದು ಹೋಟೆಲಿನವರು ಅದನ್ನು ಫ್ಲೆಕ್ಸ್ ಮಾಡಿಸಿ ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿದ್ದರು. ಬಿಲ್ಲಿನಲ್ಲಿ ‘ಮರುಮುದ್ರಣದ ಹಕ್ಕು ಸೇರಿಲ್ಲ’ ಎಂದು ಬರೆದಿದ್ದೆ, ಆದ್ದರಿಂದ ತೆಗೆಸಿದೆ. ಬಿಲ್ ಪುಸ್ತಕ ಇಡದ ಕಲಾವಿದರು ದಯವಿಟ್ಟು ಇವತ್ತೇ ಒಂದು ಕೊಳ್ಳಿ.

ಅಮಾನಿಕೆರೆ ದಂಡೆ:
ಎಲ್ಲರ ಮಾತನ್ನೂ ಬರೆದುಕೊಳ್ಳುತ್ತಿದ್ದೇನೆ, ಧನ್ಯವಾದ. ನನ್ನ ನಾರಿನ ಕೃತಿಯ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ಶಿರಾ ಗೇಟ್:
ಅಕ್ಕಾ, ಫಾಲ್ಸ್ ಸೀಲಿಂಗ್‌ಗೆ ಖಂಡಿತ ಕಟ್ಟಬೇಡಿ, ಅದು ನಿಮ್ಮ ಕೃತಿಯ ಭಾರ ತಡೆಯುವುದಿಲ್ಲ. ಕಬ್ಬಿಣದ ಪೈಪಿನಲ್ಲಿ ಗೋಲ್ ಪೋಸ್ಟಿನ ಹಾಗೆ ಚೌಕಟ್ಟು ನಿಲ್ಲಿಸಿ ಉಕ್ಕಿನ ತಂತಿಯಲ್ಲಿ ಇಳಿಬಿಡಿ. ನಾರು ತೇವ ಹೀರುತ್ತದೆ, ಮಳೆಗಾಲದಲ್ಲಿ ತೂಕ ಏರುತ್ತದೆ, ಅದಕ್ಕೂ ಲೆಕ್ಕ ಹಿಡಿಯಿರಿ. ಬೇಗ ಹೊತ್ತಿಕೊಳ್ಳುವ ವಸ್ತು. ಹ್ಯಾಲೊಜೆನ್ ದೀಪ ಹತ್ತಿರ ಬೇಡ, ಉದ್ಘಾಟನೆಯ ದೀಪದ ಕಂಬ ಆ ಕೋಣೆಯಲ್ಲೇ ಬೇಡ.

ಗುಬ್ಬಿ ಗೇಟ್ ಅಣ್ಣ, ನಿಮ್ಮನ್ನು ಒಂದು ಕೇಳಬೇಕು. ನಮ್ಮ ಕಲಾವಿದರ ಬಳಗದವರು ತಲಾ 2,000 ಹಾಕಿ ಪ್ಲೈವುಡ್ ಪ್ಯಾನಲ್ ಮಾಡಿಸಿದ್ದೆವು. ಎಂಟು ಅಡಿ ಎತ್ತರ, ನಾಲ್ಕು ಅಡಿ ಅಗಲ, ಎರಡೂ ಬದಿ ಬಿಳಿ ಬಣ್ಣ. ಅವು ಇದ್ದೂ ನೀವು ಶಾಮಿಯಾನದವರ ಹತ್ತಿರ ಏಕೆ ಹೋದಿರಿ?

ಗುಬ್ಬಿ ಗೇಟ್ ಕುಂಚ:
ಏಕೆಂದರೆ ನನಗೆ ಕೊಡಲಿಲ್ಲ. ಕೀಲಿಕೈ ನಿನ್ನ ಬಳಿಯೇ ಇತ್ತು. ಬಳಗದ ಪ್ರದರ್ಶನಕ್ಕೆ ಮಾತ್ರ, ಒಬ್ಬರ ಪ್ರದರ್ಶನಕ್ಕೆ ಇಲ್ಲ ಎಂದು ಹೇಳಿ ಕಳುಹಿಸಿದವನು ನೀನು. 2,000 ಹಾಕಿದವರಲ್ಲಿ ನಾನೂ ಒಬ್ಬ.

ಶಿರಾ ಗೇಟ್:
ಅದು ಎಲ್ಲರೂ ಕೂಡಿ ಬರೆದುಕೊಂಡ ನಿಯಮ, ನಿಮ್ಮ ಸಹಿಯೂ ಅದರಲ್ಲಿದೆ. ಸಾಗಿಸುವಾಗ ಮುರಿದ ಪ್ಯಾನಲ್‌ಗಳ ದುರಸ್ತಿಗೆ 6,300 ನಾನೊಬ್ಬನೇ ಕೊಟ್ಟೆ. ಬಳಗದ ಯಾರೂ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ, ನೀವೂ ಸೇರಿ.

ಕೋಲಾರದ ಡ್ರಾಯಿಂಗ್ ಮೇಷ್ಟರು:
ಪ್ಯಾನಲ್‌ಗಳು ಬೀಗದೊಳಗೆ, ಕಲಾವಿದರು ಶಾಮಿಯಾನದವರ ಬಾಗಿಲಲ್ಲಿ. ನಮ್ಮಲ್ಲಿ ಕ್ರೇಟ್ ಕೊಡಲು ರೈತರು ಸಹಿ ಕೇಳಲಿಲ್ಲ.

ಶಿರಾ ಗೇಟ್:
ನೀವು ನಿಮ್ಮ ಕ್ರೇಟ್ ನೋಡಿಕೊಳ್ಳಿ ಸರ್. ಅಮಾನಿಕೆರೆ ಅಕ್ಕಾ, ಹನ್ನೆರಡು ಪ್ಯಾನಲ್ ಒಳ್ಳೆಯ ಸ್ಥಿತಿಯಲ್ಲಿವೆ. ನಾಲ್ಕರಲ್ಲಿ ಹಿಂಜು ಸಡಿಲವಾಗಿದೆ, ಬಡಗಿಯನ್ನು ಕರೆಸಿಕೊಳ್ಳಿ. 407 ಸಣ್ಣ ಲಾರಿ ಬೇಕು, ಆಟೊದಲ್ಲಿ ತರಲು ಆಗುವುದಿಲ್ಲ. ಹಿಂದಿರುಗಿಸುವ ಮೊದಲು ಒಂದು ಕೋಟ್ ಬಿಳಿ ಬಣ್ಣ ಹೊಡೆಸಿಕೊಡಿ, ಬಾಡಿಗೆ ಬೇಡ. ನಿಯಮ ಬದಲಿಸಲು ಬಳಗದ ಸಭೆ ನಾನೇ ಕರೆಯುತ್ತೇನೆ. ಆ ಸಭೆಯಲ್ಲಿ 6,300ರ ಲೆಕ್ಕವನ್ನೂ ಇಡುತ್ತೇನೆ. ಗುಬ್ಬಿ ಗೇಟ್ ಅಣ್ಣ ಬರಲೇಬೇಕು.

ಗುಬ್ಬಿ ಗೇಟ್ ಕುಂಚ:
ಬರುತ್ತೇನೆ. ನನ್ನ ಚೀಟಿಗಳನ್ನೂ ತರುತ್ತೇನೆ.